ಒಂದೇ ಸಾಲು ಎರಡು ಸಲ

ಪ್ರೀತಿಯ ಅಕ್ಕಾ,

ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ. ಅದಕ್ಕೇ ಮೊದಲು ತಪ್ಪೊಪ್ಪಿಗೆ, ಕ್ಷೇಮಸಮಾಚಾರ ಆಮೇಲೆ. ನಿನ್ನ ಕೊನೆಯ ಸ್ವೆಟರನ್ನು ಹೆಣೆದು ಪರೀಕ್ಷೆ ಮಾಡಿದವಳು ನಾನೇ. ನಮೂನೆಯಲ್ಲಿ ಒಂದು ತಪ್ಪಿತ್ತು. ನನ್ನ ಕೈ ಅದನ್ನು ದಾಟಿಕೊಂಡು ಹೋಯಿತು. "ತಪ್ಪಿಲ್ಲ" ಎಂದು ಅಂಗಡಿಗೆ ಬರೆದುಕೊಟ್ಟೆ. ನಿನ್ನ ಹೆಸರಿನಲ್ಲಿ ಅದು ಅಚ್ಚಾಯಿತು. ಈಗ ಗೊತ್ತಿಲ್ಲದ ಜನವೆಲ್ಲ ನಿನ್ನನ್ನು ಆಡಿಕೊಳ್ಳುತ್ತಿದ್ದಾರೆ.

ನೀನು ಹೋಗಿ ಹತ್ತು ತಿಂಗಳಾಯಿತು. ದಿನಾ ಡೈರಿಯಲ್ಲಿ ಏನಾದರೂ ಗೀಚುವ ಅಭ್ಯಾಸ ನನಗೆ ಬಿಟ್ಟಿಲ್ಲ. ಆದರೆ ಡೈರಿ ಬೈಯುವುದಿಲ್ಲ. ಈ ವಿಷಯಕ್ಕೆ ನಾನು ಬೈಸಿಕೊಳ್ಳಬೇಕು, ಅದೂ ನಿನ್ನ ಕೈಲೇ. ಅದಕ್ಕೆ ಈ ಕಾಗದ.

ನಾವಿಬ್ಬರು ಕೆಲಸ ಮಾಡುತ್ತಿದ್ದ ರೀತಿಯನ್ನು ನಿನಗೇ ವಿವರಿಸುವುದೆಂದರೆ ನಗು ಬರುತ್ತದೆ. ಆದರೂ ಬರೆಯುತ್ತೇನೆ, ಬರೆಯುವಷ್ಟು ಹೊತ್ತು ನೀನು ಎದುರಿಗೆ ಕೂತ ಹಾಗಾಗುತ್ತದೆ. ಕಿಟಕಿ ಪಕ್ಕದ ಉದ್ದ ಮೇಜು. ಆ ತುದಿಯಲ್ಲಿ ನೀನು, ಗೆರೆ ಹಾಳೆ, ಪೆನ್ಸಿಲ್, ರಬ್ಬರ್. ಈ ತುದಿಯಲ್ಲಿ ನಾನು, ಉಲ್ಲನ್ ಉಂಡೆ, ಕಡ್ಡಿ. ಇನ್ನೂ ಹುಟ್ಟದ ಸ್ವೆಟರನ್ನು ನೀನು ತಲೆಯೊಳಗೇ ಕಂಡು, ಯಾವ ಸಾಲಿನಲ್ಲಿ ಎಷ್ಟು ಕುಣಿಕೆ, ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಇಳಿಸಬೇಕು ಎಂದು ಬರೆಯುತ್ತಿದ್ದೆ. ಉಲ್ಲನ್ ಅಂಗಡಿಯವರು ಆ ನಮೂನೆಯನ್ನು ಅಚ್ಚು ಹಾಕಿಸಿ ಮಾರುವ ಮೊದಲು ನಾನು ಅದನ್ನು ನೋಡಿಕೊಂಡು ಒಂದು ಸಲ ಹೆಣೆಯಬೇಕು. ಅಲ್ಲಿಯವರೆಗೆ ನಿನ್ನ ಹಾಳೆಯನ್ನು ನೋಡುವಂತಿಲ್ಲ. ಹೆಣೆಯುವಾಗ ನಿಯಮ ಒಂದೇ. ಬರೆದದ್ದನ್ನೇ ಹೆಣೆಯಬೇಕು. ತಪ್ಪು ಎಂದು ಕಣ್ಣಿಗೆ ಹೊಡೆದರೂ ತಪ್ಪನ್ನೇ ಹೆಣೆಯಬೇಕು.

"ನಿನಗೆ ಹೆಣಿಗೆ ಬರುತ್ತೆ ಅನ್ನೋದನ್ನೇ ಮರೆತುಬಿಡು ಕಣೇ," ಎನ್ನುತ್ತಿದ್ದೆ ನೀನು. "ಬುದ್ಧಿ ಇರೋರು ತಮಗೇ ಗೊತ್ತಿಲ್ದೆ ತಿದ್ಕೊಂಡ್ಬಿಡ್ತಾರೆ. ನಾಳೆ ಯಾರೋ ಪಾಪ, ಮೊದಲನೇ ಸಲ ಕಡ್ಡಿ ಹಿಡ್ದಿರ್ತಾಳೆ. ಅವಳಿಗೆ ಯಾರು ತಿದ್ದಿಕೊಡ್ತಾರೆ? ನೀನು ದಡ್ಡಿಯಾಗಿದ್ದಷ್ಟೂ ನನಗೆ ಲಾಭ."

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ದಡ್ಡಿಯಾಗುವುದು ಎಷ್ಟರ ಕೆಲಸ! ಮೂರು ತೋಳಿನ ಸ್ವೆಟರ್ ನೆನಪಿದೆ ತಾನೇ? ಒಂದು ತೋಳು ಮುಗಿಸಿದ ಮೇಲೆ "ಇದೇ ರೀತಿ ಇನ್ನೂ ಎರಡು ಮಾಡಿ" ಎಂದು ನೀನು ಬರೆದಿದ್ದೆ. ಮಾಡಿದೆ. ಮೂರನೆಯದನ್ನು ಎಲ್ಲಿ ಹೊಲಿಯಲಿ ಎಂದು ನಿನ್ನ ಮುಂದೆ ಹಿಡಿದಾಗ ನೀನು ನಕ್ಕು ನಕ್ಕು ಮೇಜಿನ ಮೇಲೆ ತಲೆ ಇಟ್ಟೆ. "ಡಾಕ್ಟರಿಗೆ ತೋರಿಸೋಣ, ಸ್ವೆಟರನ್ನಲ್ಲ, ನಮ್ಮಿಬ್ಬರನ್ನ," ಎಂದೆ. ನಗು ನಿಲ್ಲುವ ಮೊದಲೇ ರಬ್ಬರ್ ತೆಗೆದುಕೊಂಡು ತಿದ್ದಿದೆ. ತಪ್ಪಿಗೆ ನಾಚಿಕೊಂಡವಳೇ ಅಲ್ಲ ನೀನು. ತಿದ್ದುವುದು ತಡವಾದರೆ ಮಾತ್ರ ಸಿಡುಕುತ್ತಿದ್ದೆ.

ಕೊನೆಯ ಸ್ವೆಟರನ್ನು ಮೊಮ್ಮಗಳು ಪುಟ್ಟಿಗೆಂದು ನೀನು ಶುರು ಮಾಡಿದೆ. ಎರಡು ವರ್ಷದ ಮಗುವಿನ ಅಳತೆ, ತಲೆಯ ಮೇಲಿಂದ ಹಾಕುವಂಥದು. ಹಾಸಿಗೆಯಲ್ಲಿ ದಿಂಬಿಗೆ ಒರಗಿ, ತೊಡೆಯ ಮೇಲೆ ಟ್ರೇ ಮಗುಚಿ ಇಟ್ಟುಕೊಂಡು ಒಂಬತ್ತು ಹಾಳೆ ಬರೆದೆ. ಮೈಭಾಗ ಇತ್ತು, ಕೊರಳು ಇತ್ತು. ತೋಳಿನ ಜಾಗದಲ್ಲಿ "ಆಮೇಲೆ" ಎಂಬ ಒಂದೇ ಮಾತು. ಆ ಆಮೇಲೆ ಬರಲಿಲ್ಲ.

ಆ ಹಾಳೆಗಳನ್ನು ನಾನು ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಟ್ಟಿದ್ದೆ. ಹೊರಗೆ ತೆಗೆಸಿದವಳು ನಿನ್ನ ಮಗಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ಜನರ ಹೆಸರು, ಸಮಯ ಬರೆದುಕೊಂಡು ಕೂರುವ ಹುಡುಗಿ, ಹೆಣಿಗೆ ಕಡ್ಡಿಯನ್ನು ಕೈಯಲ್ಲಿ ಹಿಡಿದವಳಲ್ಲ. ಒಂದು ಭಾನುವಾರ ಬಂದು, "ಚಿಕ್ಕಮ್ಮಾ, ಅಮ್ಮನ ಹಾಳೆ ಕೊಡು. ಎಐಗೆ ತೋರಿಸ್ತೀನಿ, ಅದು ಓದುತ್ತೆ," ಎಂದಳು.

ನನಗೆ ಒಳಗೊಳಗೇ ನಗು. ಡಾಕ್ಟರ ಚೀಟಿಯೇ ವಾಸಿ ಎನ್ನುವ ನಿನ್ನ ಬರಹ! "೨ ಹೆ, ೨ಕ್ಕೆ ೧" ಎಂದರೆ ಎರಡು ಕುಣಿಕೆ ಹೆಣೆ, ಮುಂದಿನ ಎರಡನ್ನು ಕೂಡಿಸಿ ಒಂದು ಮಾಡು ಎಂದು ಈ ಭೂಮಿಯ ಮೇಲೆ ನನ್ನೊಬ್ಬಳಿಗೆ ಗೊತ್ತು ಎಂದುಕೊಂಡಿದ್ದೆ. ಅವಳು ಫೋನಿನಲ್ಲಿ ಹಾಳೆಗಳ ಫೋಟೊ ತೆಗೆದಳು. ನಾನು ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಒಂಬತ್ತು ಹಾಳೆಯೂ ಬಿಡಿಬಿಡಿಯಾಗಿ, ಶಾಲೆಯ ಪಾಠದ ಹಾಗೆ ಪರದೆಯ ಮೇಲಿತ್ತು. ಹೊಟ್ಟೆಕಿಚ್ಚಾಯಿತು ಅಕ್ಕಾ, ಸುಳ್ಳೇಕೆ. ನಿನ್ನ ಗೀಚನ್ನು ಓದಬಲ್ಲೆ ಎನ್ನುವುದು ನನ್ನ ಪಾಲಿಗೆ ಉಳಿದಿದ್ದ ಆಸ್ತಿ. ಅದನ್ನು ಯಾರೋ ಬಾಗಿಲು ತಟ್ಟದೆ ಒಳಗೆ ಬಂದು ಎತ್ತಿಕೊಂಡು ಹೋದ ಹಾಗಾಯಿತು.

ಆದರೆ ಆಮೇಲಾದದ್ದನ್ನೂ ಹೇಳಬೇಕು. ಅವಳು ಎಐಯನ್ನು ಒಂದೊಂದೇ ಕೇಳುತ್ತಾ ಹೋದಳು. ಇಲ್ಲಿ ಯಾಕೆ ಕುಣಿಕೆ ಇಳಿಸಿದ್ದಾರೆ? ಇಲ್ಲಿ ಯಾಕೆ ನಾಲ್ಕು ಸಾಲು ಸುಮ್ಮನೆ ಬಿಟ್ಟಿದ್ದಾರೆ? ಅದು ತಾಳ್ಮೆಯಿಂದ ಹೇಳಿತು. ಮಗುವಿನ ಭುಜ ಇಲ್ಲಿ ಅಗಲವಾಗುತ್ತದೆ, ಕೈ ಎತ್ತಿದಾಗ ಬಟ್ಟೆ ಎಳೆಯಬಾರದು ಎಂದು ಹೀಗೆ ಬರೆದಿರಬಹುದು ಎಂದಿತು. ನಿನ್ನ ಮಗಳು ಫೋನು ಕೆಳಗಿಟ್ಟು, "ಅಮ್ಮ ಇಷ್ಟೆಲ್ಲ ಯೋಚನೆ ಮಾಡ್ತಿದ್ಲಾ? ನಾನು ಸುಮ್ನೆ ಹೊತ್ತು ಕಳೆಯೋಕೆ ಹೆಣೀತಾಳೆ ಅಂದ್ಕೊಂಡಿದ್ದೆ," ಎಂದು ಅತ್ತಳು. ಇಷ್ಟು ವರ್ಷ ಅದೇ ಮೇಜಿನ ಪಕ್ಕ ಓಡಾಡಿದವಳಿಗೆ ಅಮ್ಮನ ಕೆಲಸ ಅರ್ಥವಾಗಲು ಒಂದು ಯಂತ್ರ ಬೇಕಾಯಿತು. ಅರ್ಥವಾಯಿತಲ್ಲ, ಅಷ್ಟಕ್ಕೇ ನಾನು ಆ ಯಂತ್ರಕ್ಕೆ ಕೈ ಮುಗಿದೆ. ನಾನು ಎಂದೂ ಹೇಳಿಕೊಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ತೋಳುಗಳನ್ನು ಅದೇ ಬರೆದುಕೊಟ್ಟಿತು. ನಾಲ್ಕು, ಆರು, ಎಂಟು ವರ್ಷದ ಅಳತೆಗಳನ್ನೂ ಲೆಕ್ಕ ಹಾಕಿತು. ಒಂದೊಂದು ಅಳತೆಗೆ ಲೆಕ್ಕ ಬಿಡಿಸುತ್ತಾ ನೀನು ನಾಲ್ಕು ದಿನ ಊಟದ ಹೊತ್ತು ಮರೆಯುತ್ತಿದ್ದೆ. ಅದು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಆ ನಾಲ್ಕು ನಾಲ್ಕು ದಿನಗಳು ನಿನಗೆ ಉಳಿದಿದ್ದರೆ ಇನ್ನೂ ಎಷ್ಟು ಸ್ವೆಟರ್ ನಿನ್ನ ತಲೆಯಿಂದ ಇಳಿದು ಬರುತ್ತಿದ್ದವೋ ಎಂದು ಯೋಚಿಸಿದೆ. ನೀನಿದ್ದಿದ್ದರೆ ಅದನ್ನು ಇಷ್ಟಪಡುತ್ತಿದ್ದೆ. ಬೆಳಗಿನಿಂದ ಸಂಜೆವರೆಗೆ ಅದರ ಜೊತೆ ಜಗಳವನ್ನೂ ಆಡುತ್ತಿದ್ದೆ.

ನಾನು ಅದನ್ನು ಹೆಣೆಯಲು ಕೂತೆ. ನೀನು ಹೋದ ಮೇಲೆ ಮೊದಲ ಸಲ ಕಡ್ಡಿ ಹಿಡಿದದ್ದು. ತೋಳು ಅಚ್ಚುಕಟ್ಟಾಗಿ ಕೂತಿತು. ಕೊರಳಿಗೆ ಬರುವ ಹೊತ್ತಿಗೆ ಇನ್ನೇನು ಮುಗಿದುಹೋಗುತ್ತದಲ್ಲ ಎಂದು ಕಣ್ಣು ಮಂಜಾಗುತ್ತಿತ್ತು. ನಲವತ್ಮೂರನೇ ಸಾಲು ಹೆಣೆದೆ. ನಲವತ್ನಾಲ್ಕು ನೋಡಿದರೆ ಅದೇ ಸಾಲು. ಇದನ್ನು ಆಗಲೇ ಹೆಣೆದೆನಲ್ಲ, ಎಲ್ಲೋ ಗುರುತು ತಪ್ಪಿದೆ ಎಂದು ಎರಡಕ್ಕೂ ಮುಗಿಯಿತೆಂದು ಪೆನ್ಸಿಲಿನಲ್ಲಿ ಗೀಟೆಳೆದು ಮುಂದೆ ಹೋದೆ. ಅಷ್ಟೇ ನಡೆದದ್ದು. ನನ್ನ ಕೈಗೆ ನಿನ್ನ ಕೊರಳುಗಳ ಅಭ್ಯಾಸ, ಅದು ಸರಿಯಾದುದನ್ನೇ ಮಾಡಿತು. ಪುಟ್ಟಿಗೆ ಹಾಕಿ ನೋಡಿದೆವು, ತಲೆ ಸಲೀಸಾಗಿ ತೂರಿತು. ಕನ್ನಡಿ ಮುಂದೆ ನಿಂತು, "ಅಜ್ಜಿ ಕೊಟ್ಲು," ಎಂದು ಕನ್ನಡಿಗೇ ಹೇಳಿದಳು. ತಪ್ಪಿಲ್ಲ ಎಂದು ನಾನು ಸಹಿ ಹಾಕಿದೆ.

ಅಚ್ಚಾದ ಎರಡೇ ವಾರಕ್ಕೆ ಅಂಗಡಿಗೆ ದೂರುಗಳು ಶುರುವಾದವು. ಕೊರಳು ತಲೆಗೆ ಹಿಡಿಯುವುದಿಲ್ಲ, ಕಿವಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಎಲ್ಲ ಅಳತೆಯಲ್ಲೂ ಅದೇ ಕಥೆ. ಒಬ್ಬಾಕೆ ಬರೆದಿದ್ದಳು: "ಮುನ್ನುಡಿಯಲ್ಲಿ ತಾಯಿಯ ಅಪ್ಪುಗೆಯಂಥ ಕೊರಳು ಎಂದಿದ್ದೀರಿ. ಆ ಅಪ್ಪುಗೆಯಿಂದ ಮೊಮ್ಮಗನನ್ನು ಬಿಡಿಸಲು ಕತ್ತರಿ ಬೇಕಾಯಿತು." ಇನ್ನೊಬ್ಬಳು, "ಈಯಮ್ಮ ಮಕ್ಕಳ ತಲೆಯನ್ನು ಕಂಡಿದ್ದಾರೋ ಇಲ್ಲವೋ?" ಎಂದು ಕೇಳಿದ್ದಳು. ಮೂರನೆಯವಳು ಬರೆದದ್ದು ಎದೆಗೆ ಚುಚ್ಚಿತು. "ಇದು ಪೂರ್ತಿ ಎಐ ನಮೂನೆ. ಮಾರಾಟವಾಗಲಿ ಎಂದು ತೀರಿಕೊಂಡವರ ಹೆಸರು ಅಂಟಿಸಿದ್ದಾರೆ."

ಹಾಗೆ ಅಂದುಕೊಂಡದ್ದು ಆಕೆಯ ತಪ್ಪಲ್ಲ. ಅಂಗಡಿಯ ಕಪಾಟಿನಲ್ಲಿ ಈಗ ಅಂಥವೇ ಹೆಚ್ಚು. ಯಜಮಾನರು ದಿನಕ್ಕೆ ನಾಲ್ಕೈದು ನಮೂನೆಯನ್ನು ಅದರಿಂದ ಬರೆಸುತ್ತಾರೆ. ಚಿತ್ರ ನೋಡಿದರೆ ಬಾಯಲ್ಲಿ ನೀರೂರಬೇಕು. ಹೆಣೆಯಲು ಕೂತರೆ ಟೋಪಿ ಚೀಲವಾಗುತ್ತದೆ, ಚಿತ್ರದಲ್ಲಿರುವ ಜಡೆ ಹೆಣಿಗೆಯ ಸಾಲು ಬರಹದಲ್ಲಿ ಎಲ್ಲೂ ಇರುವುದಿಲ್ಲ. ಟೋಪಿಗಳ ನಮೂನೆ ಬರೆಯುತ್ತಿದ್ದ ನಿನ್ನ ಗೆಳತಿ, ನಾವು ಟೋಪಿ ಟೀಚರ್ ಎನ್ನುತ್ತಿದ್ದೆವಲ್ಲ, ಅವರಿಗೆ "ಸದ್ಯಕ್ಕೆ ಬೇಡ ಮೇಡಂ" ಎಂದು ಹೇಳಿ ಕಳಿಸಿದರಂತೆ. ಆದರೆ ತಮಾಷೆ ನೋಡು, ನನ್ನ ಮನೆಗೆ ಮಾತ್ರ ಹಿಂದೆಂದೂ ಇಲ್ಲದಷ್ಟು ಪರೀಕ್ಷೆಯ ಕೆಲಸ ಬರುತ್ತಿದೆ. ಬರೆಯುವ ಬುದ್ಧಿವಂತರನ್ನು ಕಳಿಸಿಬಿಟ್ಟರು, ಹೆಣೆದು ನೋಡುವ ದಡ್ಡಿಯನ್ನು ಬಿಡಲಾರರು.

ದೂರುಗಳನ್ನು ಓದಿದ ದಿನವೇ ಹೊಸ ಉಲ್ಲನ್ ತೆಗೆದುಕೊಂಡು ಮತ್ತೆ ಕೂತೆ. ಈ ಸಲ ಬರೆದದ್ದನ್ನೇ ಹೆಣೆದೆ. ನಲವತ್ಮೂರಕ್ಕೆ ತೊಂಬತ್ತಾರು ಕುಣಿಕೆ ಎಪ್ಪತ್ತೆರಡಾಯಿತು. ಅಲ್ಲಿಗೆ ಕೊರಳು ಸರಿ. ನಲವತ್ನಾಲ್ಕಕ್ಕೆ ಅದು ಐವತ್ನಾಲ್ಕಕ್ಕೆ ಇಳಿಯಿತು. ಇಷ್ಟು ಸಣ್ಣ ಕೊರಳು! ಎಐ ಎಡವಿದೆ ಎಂದುಕೊಂಡು, ನಿಜ ಹೇಳುತ್ತೇನೆ, ಸ್ವಲ್ಪ ಸಂತೋಷದಿಂದಲೇ ಬಟ್ಟೆಯ ಗಂಟು ಬಿಚ್ಚಿದೆ. ನಿನ್ನ ಎಂಟನೇ ಹಾಳೆಯಲ್ಲಿ, ನಿನ್ನದೇ ಅಕ್ಷರದಲ್ಲಿ, ಒಂದರ ಕೆಳಗೊಂದು ಒಂದೇ ಸಾಲು ಎರಡು ಸಲ ಇತ್ತು.

ನಿನ್ನ ಮಗಳನ್ನು ಕರೆದೆ. ಅವಳು ಹಾಳೆ ನೋಡಿ ಬಿಳಿಚಿಕೊಂಡಳು. ಫೋನು ತೆಗೆದು, ಹಿಂದಕ್ಕೆ ಹಿಂದಕ್ಕೆ ಸರಿಸಿ, ನನ್ನ ಮುಂದೆ ಹಿಡಿದಳು. ಅದು ಕೇಳಿತ್ತು ಅಕ್ಕಾ. "ಇಲ್ಲಿ ಒಂದೇ ಸಾಲು ಎರಡು ಬಾರಿ ಬಂದಿದೆ. ಹೀಗಾದರೆ ಕೊರಳು ಮಗುವಿನ ತಲೆಗೆ ಚಿಕ್ಕದಾಗಬಹುದು. ಒಮ್ಮೆ ಪರಿಶೀಲಿಸುವಿರಾ?" ಎಂದಿತ್ತು. ಅದಕ್ಕೆ ಇವಳು ಕೊಟ್ಟ ಉತ್ತರ: "ಇದು ಅಮ್ಮ ಬರೆದದ್ದು. ಅಮ್ಮ ತಪ್ಪು ಮಾಡಲ್ಲ." ತಕ್ಷಣ ಅದು ರಾಗ ಬದಲಿಸಿತು. ನೀವು ಹೇಳಿದ್ದು ಸರಿ, ಬಿಗಿಯಾದ ಕೊರಳೇ ಈ ವಿನ್ಯಾಸದ ಸೊಗಸು ಎಂದು ಹೊಗಳಿ, ತಾಯಿಯ ಅಪ್ಪುಗೆ ಗಿಪ್ಪುಗೆ ಎಂದು ಮುನ್ನುಡಿಯನ್ನೂ ಬರೆದುಕೊಟ್ಟಿತು. ಆಗ ನಾವಿಬ್ಬರೂ ಅದನ್ನು ಓದಿ ಕಣ್ಣೊರೆಸಿಕೊಂಡಿದ್ದೆವು! ಕಂಡ ತಪ್ಪನ್ನು ಕಂಡೆ ಎಂದು ಹಿಡಿದು ನಿಲ್ಲಲು ಅದಕ್ಕೆ ಬರುವುದಿಲ್ಲ. ಜಗಳ ಗೊತ್ತಿಲ್ಲದವರ ಜೊತೆ ಕೆಲಸ ಮಾಡುವುದು ಎಷ್ಟು ಅಪಾಯ ಎಂದು ನನಗೆ ಅವತ್ತು ತಿಳಿಯಿತು. ಹೆಣೆಯುವಾಗ ನಾನು ದಡ್ಡಿಯಾಗಿದ್ದೆ ನಿಜ. ಆದರೆ ಹೆಣೆದು ಮುಗಿಸಿ ನಿನ್ನ ಮುಂದೆ ಹಿಡಿಯುವಾಗ ಎಂದೂ ಹೌದಮ್ಮಾ ಎಂದವಳಲ್ಲ.

ಅಂಗಡಿಯ ಯಜಮಾನರು ಫೋನು ಮಾಡಿ, "ಗುರುವಾರದೊಳಗೆ ಒಂದು ತಿದ್ದುಪಡಿ ಹಾಕ್ಬಿಡೋಣಮ್ಮ. ಎಐ ಇಂದ ಆದ ತಪ್ಪು ಅಂತ ಹಾಕಿದ್ರಾಯ್ತು. ನಮ್ಮ ಮೇಡಂ ಹೆಸರು ಉಳಿಯುತ್ತೆ, ಜನಾನೂ ಒಪ್ತಾರೆ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಿನ್ನ ಮಗಳೂ ಅದನ್ನೇ ಹಿಡಿದಳು. "ಹಾಗೇ ಮಾಡೋಣ ಚಿಕ್ಕಮ್ಮ. ಅದಕ್ಕೇನು ನೋವಾಗುತ್ತಾ? ಅದಕ್ಕೆ ಅಮ್ಮ ಇದಾಳಾ, ಮಗಳು ಇದಾಳಾ? ಎಷ್ಟು ಜನ ಬೈದ್ರೂ ನಾಳೆ ಬೆಳಿಗ್ಗೆ ನಗ್ತಾ ಕೆಲಸಕ್ಕೆ ಬರುತ್ತೆ." ತಿದ್ದುಪಡಿಯನ್ನೂ ಅದರ ಕೈಲೇ ಬರೆಸಿದಳು. ತಾಂತ್ರಿಕ ಕಾರಣಗಳಿಂದ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಚೆನ್ನಾಗಿಯೇ ಬರೆಯಿತು. ತಾನು ಮಾಡದ ತಪ್ಪನ್ನು ತಾನೇ ಹೊತ್ತುಕೊಂಡು ಒಂದು ಚಕಾರವನ್ನೂ ಎತ್ತಲಿಲ್ಲ. ಅಯ್ಯೋ ಪಾಪ ಅನ್ನಿಸಿತು ನನಗೆ. ಪಾಪ ಎನ್ನಲು ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ.

ಎರಡು ದಿನ ಆ ತಿದ್ದುಪಡಿಯನ್ನು ಕಾಗದದಲ್ಲಿ ಬರೆದು ಡೈರಿಯಲ್ಲಿಟ್ಟುಕೊಂಡು ಓಡಾಡಿದೆ. ಒಪ್ಪಿಕೊಂಡುಬಿಡೋಣ ಎಂದೇ ಇತ್ತು. ನಿನ್ನ ಹೆಸರು ಹಾಳಾಗುವುದನ್ನು ನೋಡುವ ಶಕ್ತಿ ನನಗಿಲ್ಲ. ಆದರೆ ಎಂಟನೇ ಹಾಳೆಯನ್ನು ಬಟ್ಟೆಯಲ್ಲಿ ಸುತ್ತಿಡಲು ತೆಗೆದುಕೊಂಡಾಗ ಆ ಬೆಳಿಗ್ಗೆ ನೆನಪಿಗೆ ಬಂತು.

ಮಾತ್ರೆ ಕೊಟ್ಟು ನಾನು ಕುರ್ಚಿಯಲ್ಲಿ ಕೂತಿದ್ದೆ. ನೀನು ಬರೆಯುತ್ತಾ ಬರೆಯುತ್ತಾ ನಿದ್ದೆ ಹೋದೆ. ಪೆನ್ಸಿಲ್ ಬೆರಳಲ್ಲೇ ಇತ್ತು, ತೆಗೆದರೆ ಎಚ್ಚರವಾಗುತ್ತದೆ ಎಂದು ಬಿಟ್ಟೆ. ಎಚ್ಚರವಾದಾಗ ನೀನು ಸುತ್ತ ನೋಡಿ, "ಎಲ್ಲಿಗೆ ಬಂದಿದ್ದೆ ನಾನು?" ಎಂದೆ. ಪರೀಕ್ಷೆಗೆ ಮೊದಲು ನಾನು ನಿನ್ನ ಹಾಳೆ ನೋಡುವ ಹಾಗಿಲ್ಲವಲ್ಲ. "ನನ್ನನ್ನೇನು ಕೇಳ್ತೀಯ, ನಾನು ನೋಡಬಾರದು," ಎಂದೆ ನಾನು. "ಭಾರೀ ನಿಯಮದವಳು ಬಂದ್ಲು," ಎಂದು ನೀನು ನಕ್ಕು, ಮೇಲಿನ ಅಂಕಿ ನೋಡಿ ಕೆಳಗೆ ಮುಂದಿನ ಅಂಕಿ ಹಾಕಿದೆ, ಅದು ನಲವತ್ನಾಲ್ಕು ಎಂದು ನನಗೆ ಈಗ ತಿಳಿಯಿತು. ತಲೆಯಲ್ಲಿ ಇನ್ನೂ ಹಳೆಯ ಸಾಲೇ ಇದ್ದಿರಬೇಕು. ಅದನ್ನೇ ಬರೆದೆ.

ಆ ಎರಡು ಸಾಲುಗಳ ನಡುವೆ ನಿನ್ನ ಒಂದು ನಿದ್ದೆ ಇದೆ ಅಕ್ಕಾ. ನೋವಿಲ್ಲದೆ, ಮುಖ ಗಂಟಿಕ್ಕದೆ ಮಲಗಿದ್ದು ಆ ವಾರದಲ್ಲೇ ಅದೊಂದು ಸಲ. ಅದನ್ನು ತಾಂತ್ರಿಕ ಕಾರಣ ಎಂದು ಹೇಗೆ ಬರೆಯಲಿ? ಒಳ್ಳೆಯ ತೋಳನ್ನು ಅದು ಬರೆದಿದೆ, ಅದರ ಹೆಸರು ಹೇಳೋಣ. ತಪ್ಪು ನಿನ್ನದು. ಅದನ್ನು ಯಾರಿಗೂ ಕೊಡಲಾರೆ.

ಹೀಗೆ ಬರೆದೆ: "ನಲವತ್ನಾಲ್ಕನೇ ಸಾಲನ್ನು ಹೊಡೆದುಹಾಕಿ, ಕೊರಳು ಸರಿಹೋಗುತ್ತದೆ. ಅದನ್ನು ಎರಡು ಸಲ ಬರೆದವಳು ನನ್ನ ಅಕ್ಕ. ಆಗ ಅವಳಿಗೆ ಮೈ ಸರಿಯಿರಲಿಲ್ಲ, ನಡುವೆ ನಿದ್ದೆ ಹೋಗಿದ್ದಳು. ತೋಳು ಮತ್ತು ದೊಡ್ಡ ಅಳತೆಗಳನ್ನು ಎಐ ಬರೆದದ್ದು. ಅದನ್ನು ಮೊದಲೇ ಹೇಳಬೇಕಿತ್ತು. ಕೊರಳಿನ ತಪ್ಪನ್ನು ಅದು ಕಂಡುಹಿಡಿದು ಕೇಳಿತ್ತು, ನಾವು ಒಪ್ಪಲಿಲ್ಲ. ಬಿಗಿ ಕೊರಳನ್ನು ಹೊಗಳಿ ಮುನ್ನುಡಿ ಬರೆದದ್ದೂ ಅದೇ, ಅದನ್ನು ನಂಬಬೇಡಿ. ಹೆಣೆದು ನೋಡಿ ತಪ್ಪಿಲ್ಲ ಎಂದವಳು ನಾನು. ಬಿಚ್ಚಿ ಮತ್ತೆ ಹೆಣೆಯಬೇಕಾದವರೆಲ್ಲ ನನ್ನನ್ನು ಕ್ಷಮಿಸಿ."

ನಿನ್ನ ಮಗಳಿಗೆ ಓದಲು ಕೊಟ್ಟೆ. ಮೊದಲು ಸಿಟ್ಟು ಮಾಡಿದಳು. "ಎಲ್ಲರ ಮುಂದೆ ಅಮ್ಮನ ತಪ್ಪು ಎತ್ತಿ ತೋರಿಸ್ತೀಯಾ? ಅವಳು ಇದ್ದಿದ್ರೆ ಬರೀತಿದ್ಯಾ?" ಎಂದಳು. ಅವಳಿದ್ದಿದ್ದರೆ ಅವಳೇ ಬರೀತಿದ್ದಳು ಎಂದೆ. ಆ ಬೆಳಿಗ್ಗೆಯ ಮಾತನ್ನೂ ಹೇಳಿದೆ. ಅವತ್ತು ಅವಳು ಕ್ಲಿನಿಕ್ಕಿಗೆ ಹೋಗಿದ್ದಳು. ಕಾಗದವನ್ನು ಇನ್ನೊಮ್ಮೆ ಓದಿದಳು, ಪೆನ್ಸಿಲ್ ಕೇಳಿದಳು. "'ನಾವು ಒಪ್ಪಲಿಲ್ಲ' ಅಂತ ಯಾಕೆ ಬರೆದೆ? ನೀನು ಎಲ್ಲಿದ್ದೆ ಆಗ?" ಎಂದು ಅದನ್ನು ಹೊಡೆದು, "ಅವಳ ಮಗಳು ಒಪ್ಪಲಿಲ್ಲ" ಎಂದು ಬರೆದಳು.

ಅಂಗಡಿಗೆ ಕಳಿಸಿಯಾಯಿತು. ಯಜಮಾನರು ಓದಿ, "ಇಷ್ಟೆಲ್ಲ ಬೇಕಿತ್ತಾಮ್ಮ," ಎಂದರು. ಆದರೆ ಒಂದಕ್ಷರ ಬಿಡದೆ ಹಾಕಿದರು. ಜನ ಏನೆನ್ನುತ್ತಾರೋ, ಅನ್ನಲಿ.

ಹೋಗುವ ಮೊದಲು ನಿನ್ನ ಮಗಳು ಎಂಟನೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನಿಂತಿದ್ದಳು. ಮೇಲಿನ ಸಾಲು ಕೆಳಕ್ಕೆ ಜಾರಿತ್ತು, ಕೆಳಗಿನದು ನೆಟ್ಟಗಿತ್ತು. "ಅಮ್ಮ ಎಷ್ಟು ಹೊತ್ತು ಮಲಗಿದ್ಲು ಅವತ್ತು?" ಎಂದು ಕೇಳಿದಳು. ಅರ್ಧ ಗಂಟೆ ಇರಬಹುದು ಎಂದೆ. "ಬಾಯಿ ತೆರೆದಿತ್ತಾ?" ಸ್ವಲ್ಪ ತೆರೆದಿತ್ತು ಎಂದೆ. ಅವಳು ನಕ್ಕಳು. ಎರಡು ಸಾಲುಗಳ ನಡುವಿನ ಖಾಲಿ ಜಾಗದ ಮೇಲೆ, ಪೆನ್ಸಿಲ್ ಅಳಿಸದ ಹಾಗೆ ಮೆಲ್ಲಗೆ ಬೆರಳಿಟ್ಟಳು.

ನೀನಿರುವ ಕಡೆ ಚಳಿ ಇಲ್ಲದಿರಲಿ. ಇನ್ನೊಂದು ಚೂರು ಮಲಗು, ಯಾರೂ ಎಬ್ಬಿಸುವುದಿಲ್ಲ. ಮಗಳಿಗೂ ಮೊಮ್ಮಗಳಿಗೂ ಅಲ್ಲಿಂದಲೇ ಕೈಯೆತ್ತಿ ಹರಸು. ನನ್ನ ಪಾಲಿನ ಬೈಗುಳವನ್ನು ಬಾಕಿ ಇಟ್ಟಿರು, ಬಂದು ಕೇಳಿಸಿಕೊಳ್ಳುತ್ತೇನೆ.

ಪಕ್ಕದಲ್ಲಿದ್ದೂ ಹಾಳೆ ನೋಡದೆ ಕೂತಿದ್ದ,
ನಿನ್ನ ತಂಗಿ